ಜೀಪಿಗೆ ಮುಂಚೆ ಬಂದ ನೀರು

ಇಪ್ಪತ್ತು ವರ್ಷ ಊರವರ ಕಾಗದಗಳ ಗುಟ್ಟನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಲ್ಲನದಿನ್ನಿಯ ಪೋಸ್ಟ್ ಮಾಸ್ತರ್ ಜಯತೀರ್ಥಾಚಾರ್ಯರಿಗೆ ತಮ್ಮ ಹೆಸರಿಗೆ ಬಂದ ಒಂದು ಕಾರ್ಡಿನ ಗುಟ್ಟನ್ನು ಮಾತ್ರ ಇಟ್ಟುಕೊಳ್ಳಲಾಗಲಿಲ್ಲ. ಆದದ್ದೆಲ್ಲ ಅದರಿಂದಲೇ ಆಯಿತು.

ಕಾರ್ಡು ಬಂದಿದ್ದು ಆದೋನಿಯ ನೀರಾವರಿ ಕಚೇರಿಯಿಂದ. ಮಲ್ಲನದಿನ್ನಿ ಉಪಕಾಲುವೆಯ ಕಟ್ಟಕಡೆಯ ಊರು. ಕಾಲುವೆ ಇತ್ತು, ದಂಡೆ ಇತ್ತು, ತೂಬು ಇತ್ತು, ತೂಬಿನ ಕಲ್ಲಿನ ಮೇಲೆ ಕೆತ್ತಿದ ನಂಬರೂ ಇತ್ತು, ನೀರೊಂದು ಇರಲಿಲ್ಲ. ಮೇಲಿನ ಊರು ಕಾಮನಹಾಳಿನವರು ದಂಡೆಯ ಹೊಟ್ಟೆಗೆ ಕಳ್ಳ ಪೈಪು ತೂರಿಸಿ, ಬಂದದ್ದನ್ನೆಲ್ಲ ತಮ್ಮ ಭತ್ತದ ಗದ್ದೆಗೆ ಇಳಿಸಿಕೊಳ್ಳುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎಂಬ ಹಾಗೆ ಸರ್ಕಾರ ಬಿಟ್ಟ ನೀರನ್ನು ಕಾಮನಹಾಳು ಬಿಡುತ್ತಿರಲಿಲ್ಲ. ಆಚಾರ್ಯರು ಮೂರು ವರ್ಷದಿಂದ ಅರ್ಜಿಯ ಮೇಲೆ ಅರ್ಜಿ ಬರೆದು, ಊರವರ ರುಜು, ಹೆಬ್ಬೆಟ್ಟು ಹಾಕಿಸಿ, ತಾವೇ ಠಸ್ಸೆ ಹೊಡೆದು, ತಾವೇ ಚೀಲಕ್ಕೆ ಹಾಕಿ ಕಳಿಸಿದ್ದರು. ಎಪ್ಪತ್ತೆಂಟನೆಯ ಇಸವಿಯ ಪುಷ್ಯ ಮಾಸದಲ್ಲಿ ಕೊನೆಗೂ ಉತ್ತರ ಬಂತು. ಗುರುವಾರ ಇಂಜಿನೀರ್ ಸಾಹೇಬರು ಖುದ್ದಾಗಿ ಬಂದು, ಕಡೆಯ ಹೊಲಕ್ಕೆ ನೀರು ಮುಟ್ಟುತ್ತದೋ ಇಲ್ಲವೋ ಕಣ್ಣಾರೆ ನೋಡುತ್ತಾರಂತೆ.

ಕಡೆಯ ಹೊಲ ಎಂದರೆ ಆಚಾರ್ಯರದ್ದೇ. ಎರಡೆಕರೆ ಶೇಂಗಾ, ಕಾಯಿ ಕಟ್ಟುವ ಹೊತ್ತು. ಈ ವಾರದಲ್ಲಿ ಒಂದು ನೀರು ಸಿಕ್ಕರೆ ಮನೆಗೆ ಶೇಂಗಾ, ಸಿಗದಿದ್ದರೆ ಎತ್ತಿಗೆ ಹೊಟ್ಟು. ಸಾಹೇಬರು ಒಣಗಿದ ಕಾಲುವೆಯನ್ನು ನೋಡಿಬಿಟ್ಟರೆ ಪೈಪು ಕೀಳಿಸುತ್ತಾರೆ, ಪಾಳಿ ಹಚ್ಚುತ್ತಾರೆ, ನ್ಯಾಯವಾಗಿ ನೀರು ಬರುತ್ತದೆ. ಆಚಾರ್ಯರು ಕಾರ್ಡನ್ನು ಮೂರು ಸಲ ಓದಿಕೊಂಡರು. ನಾಲ್ಕನೆಯ ಸಲ ತಡೆಯಲಾರದೆ, ಹೊರಗೆ ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಓದಿದರು.

ಕಟ್ಟೆಯ ಮೇಲಿದ್ದವರಲ್ಲಿ ಯರ್ರೆಪ್ಪನೂ ಒಬ್ಬ. ಮೂವತ್ತು ಕುರಿ ಸಾಕಿದವನು, ನಾಲಿಗೆಯನ್ನು ಮಾತ್ರ ಕಟ್ಟಿ ಸಾಕಲಿಲ್ಲ. ಅವನು ಸಂಜೆಯೇ ಕಾಮನಹಾಳಿನ ಚಹಾದ ಹೋಟೆಲಿಗೆ ಹೋಗಿ, ಗುರುವಾರ ನಿಮ್ಮ ಪೈಪುಗಳ ಕತೆ ಮುಗಿಯಿತು ಎಂದು ಮೀಸೆ ತಿರುವಿ ಬಂದ. ಆ ಸಂಗತಿ ಆಚಾರ್ಯರಿಗೆ ಗೊತ್ತಾಗಲಿಲ್ಲ.

ಗುರುವಾರ ಬೆಳಗಾಗುತ್ತಲೇ ಯರ್ರೆಪ್ಪ ಹೊಸದೊಂದು ಉಪಾಯದೊಂದಿಗೆ ಬಂದ.

"ಬಾಯಿಲೆ ಹೇಳಿದ್ರ ಆಫೀಸರ್ರು ನಂಬಂಗಿಲ್ಲ ಆಚಾರ್ರೇ. ಕಾಲುವಿ ಒಳಗೇ ಕುರ್ಚಿ ಹಾಕ್ರಿ. ಸಾಹೇಬ್ರು ಅಲ್ಲೇ ಕುಂತು ಕಾಫಿ ಕುಡದ್ರ ಮುಗೀತು, ಬ್ಯಾರೆ ಸಾಕ್ಷಿ ಯಾಕ ಬೇಕು?"

ಮಾತು ಎಲ್ಲರಿಗೂ ಹಿಡಿಸಿತು. ಶಾಲೆಯಿಂದ ಎರಡು ಕುರ್ಚಿ, ಒಂದು ಮೇಜು ಬಂದವು. ಮೇಜಿನ ಮೇಲೆ ಆಚಾರ್ಯರ ಹೆಂಡತಿ ವೆಂಕೂಬಾಯಿಯ ಹೊಸ ಟವೆಲು ಹಾಸಿದ್ದಾಯಿತು. ಪಕ್ಕದ ಮನೆಯ ಜಯಕ್ಕ, ತನ್ನದೂ ಒಂದು ಸಾಕ್ಷಿ ಇರಲಿ ಎಂದು, ಕಾಲುವೆಯ ತಳದಲ್ಲಿ ಉದ್ದಕ್ಕೂ ಕೆಂಪು ಮೆಣಸಿನಕಾಯಿ ಒಣಹಾಕಿದಳು. ಯರ್ರೆಪ್ಪ ಕುರಿಗಳನ್ನು ತಂದು ಅಲ್ಲೇ ಮಲಗಿಸಿದ. ಇಷ್ಟು ಸೊಗಸಾದ ಒಣ ಕಾಲುವೆ ಜಿಲ್ಲೆಯಲ್ಲೇ ಇರಲಾರದು ಎನಿಸಿ ಆಚಾರ್ಯರಿಗೆ ಕಣ್ಣು ತುಂಬಿ ಬಂತು. ಅವರು ಶಲ್ಯ ಸರಿಪಡಿಸಿಕೊಂಡು, ಸಾಹೇಬರ ಮುಂದೆ ಹೇಳಬೇಕಾದ ಮಾತುಗಳನ್ನು ತುಟಿಯಲ್ಲೇ ಒಪ್ಪಿಸಿಕೊಳ್ಳುತ್ತ ಕುಳಿತರು.

ಹತ್ತು ಗಂಟೆಯ ಸುಮಾರಿಗೆ ಬಂದದ್ದು ಜೀಪಲ್ಲ, ಲಸ್ಕರ್ ಉಚ್ಚೀರಪ್ಪ. ಕಾಲುವೆ ಕಾಯುವುದು ಅವನ ಕೆಲಸ. ಸೈಕಲ್ ಇಳಿಯುವಷ್ಟು ಪುರುಸೊತ್ತೂ ಅವನಿಗಿರಲಿಲ್ಲ. ದಂಡೆಯ ಮೇಲೆ ಒಂದು ಕಾಲೂರಿ ಏದುಸಿರು ಬಿಟ್ಟ.

"ಆಚಾರ್ರೇ, ಕುರ್ಚಿ ತಗೀರಿ. ನೀರು ಬರಾಕತ್ತೈತಿ."

"ಎಲ್ಲಿಗೆ?"

"ಇಲ್ಲಿಗೇ ರೀ. ಕಾಮನಹಾಳಿನವ್ರು ಬೆಳಕು ಹರಿಯೋದ್ರಾಗ ಪೈಪೆಲ್ಲ ಕಿತ್ತು ಬಣವಿಗೆ ತುರುಕ್ಯಾರ. ದಂಡಿ ಮೆತ್ತಿ ಮ್ಯಾಲೆ ಸಗಣಿ ಸಾರಿಸ್ಯಾರ. ಇನ್ನ ನೀರಿಗೆ ಹೋಗಾಕ ಬ್ಯಾರೆ ದಾರಿ ಎಲ್ಲೈತಿ?"

ಸಾಹೇಬರ ಜೀಪು ತೂಬಿಗೊಂದು ಸಲ ನಿಲ್ಲುತ್ತ, ಎಳನೀರಿಗೊಂದು ಸಲ ನಿಲ್ಲುತ್ತ ದಂಡೆಯ ಮೇಲೆಯೇ ನಿಧಾನವಾಗಿ ಬರುತ್ತಿದೆಯಂತೆ. ನೀರಿಗೆ ಎಲ್ಲೂ ನಿಲ್ಲುವ ಕೆಲಸವಿರಲಿಲ್ಲ, ಅದು ಮುಂದಾಗಿತ್ತು. ಆಚಾರ್ಯರು ಎದ್ದು ನಿಂತು ಮೇಲ್ಗಡೆ ನೋಡಿದರು. ತಿರುವಿನಲ್ಲಿ ಒಣ ಎಲೆ, ನೊರೆ, ಯಾರದೋ ಹರಿದ ಚಪ್ಪಲಿ ಮೊದಲಾದವನ್ನು ಮುಂದಿಟ್ಟುಕೊಂಡು ಕೆಂಪನೆಯ ನೀರು ಮದುವೆಯ ದಿಬ್ಬಣದ ಹಾಗೆ ಬರುತ್ತಿತ್ತು.

ಆಮೇಲೆ ಮಲ್ಲನದಿನ್ನಿಯಲ್ಲಿ ಎದ್ದ ಗದ್ದಲ ಹೇಳತೀರದು. ಕುರಿಗಳು ದಿಕ್ಕೆಟ್ಟು ದಂಡೆ ಹತ್ತಿದವು. ಮೆಣಸಿನಕಾಯಿ ತೇಲಿ ಹೋಗುವುದನ್ನು ನೋಡಿ ಜಯಕ್ಕ ಅಳಬೇಕಿತ್ತು, ಅವಳು ನೀರಿಗೆ ಕೈ ಮುಗಿದಳು. ಮನೆಮನೆಯಿಂದ ಕೊಡ ಬಂದವು, ಅರಿಸಿನ ಕುಂಕುಮ ಬಂದವು, ಮುದುಕಿಯರು ಗಂಗಮ್ಮನ ಹಾಡು ತೆಗೆದರು. ಯರ್ರೆಪ್ಪ ಅಂಗಿ ಸಮೇತ ನೀರಿನಲ್ಲಿ ಕುಳಿತುಬಿಟ್ಟ. ಅರ್ಜಿಯ ನೆನಪು ಒಬ್ಬರಿಗೂ ಇರಲಿಲ್ಲ.

ನೆನಪಿದ್ದದ್ದು ಆಚಾರ್ಯರೊಬ್ಬರಿಗೆ. ಸಾಹೇಬರು ಈ ನೀರನ್ನು ಕಂಡರೆ ಮೂರು ವರ್ಷದ ಅರ್ಜಿಯೆಲ್ಲ ಸುಳ್ಳಾಗುತ್ತದೆ. ಜೀಪು ಹೋದ ಮರುಗಳಿಗೆ ಪೈಪು ಮತ್ತೆ ದಂಡೆಗೆ ಸೇರುತ್ತದೆ. ಅವರು ಒಬ್ಬೊಬ್ಬರ ಮುಂದೆ ಹೋಗಿ ಅಂಗಲಾಚಿದರು.

"ಒಂದು ತಾಸು ಅಳ್ರಪಾ. ಸಾಹೇಬ್ರು ಹೋದ ಮ್ಯಾಲೆ ಎಷ್ಟು ಬೇಕಾದ್ರೂ ನಗ್ರಿ."

ಯಾರೂ ಅಳಲೊಲ್ಲರು. ಕೊನೆಗೆ ಆಚಾರ್ಯರು ಕಚ್ಚೆ ಮೇಲೆ ಕಟ್ಟಿ ತಾವೇ ಕಾಲುವೆಗೆ ಇಳಿದರು. ಶಾಲೆಯ ಮೇಜನ್ನು ಅಡ್ಡ ಮಲಗಿಸಿ, ಸಂದಿಗೆ ಟವೆಲು ತುರುಕಿ, ಬೆನ್ನು ಕೊಟ್ಟು ನೀರನ್ನು ತಡೆದು ನಿಂತರು. ಹಗಲಿರುಳು ನೀರು ನೀರು ಎಂದು ಜಪಿಸಿದ ಮನುಷ್ಯ ಈಗ ನೀರನ್ನು ಹಿಂದಕ್ಕೆ ನೂಕುತ್ತಿದ್ದ. ಆ ಹೊತ್ತಿಗೆ ಸರಿಯಾಗಿ ದಂಡೆಯ ಮೇಲೆ ಜೀಪು ಬಂದು ನಿಂತಿತು.

ಸಾಹೇಬರು ಗೋದಾವರಿ ಸೀಮೆಯವರು, ದುಂಡು ಮುಖ, ತಲೆಗೆ ಹ್ಯಾಟು. ಸೊಂಟದ ತನಕ ನೀರಿನಲ್ಲಿ ನಿಂತ ಆಚಾರ್ಯರನ್ನೂ, ತೇಲುವ ಕುರ್ಚಿಯನ್ನೂ ಬಹಳ ಹೊತ್ತು ನೋಡಿ, ಫೈಲು ತೆರೆದು ಕೇಳಿದರು: "ನೀಳ್ಳು ರಾಲೇದನಿ ಅರ್ಜಿ ಪೆಟ್ಟಿಂದಿ ಮೀರೇನಾ?"

ನೀರು ಬರಲಿಲ್ಲವೆಂದು ಅರ್ಜಿ ಹಾಕಿದವರು ನೀವೇ ಏನು, ಎಂಬ ಆ ಪ್ರಶ್ನೆಗೆ ಆಚಾರ್ಯರು ತೆಲುಗಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಉತ್ತರ ಹೇಳಿದರು. ಇವತ್ತು ಮಾತ್ರ ಬಂದಿದೆ, ನಿಮ್ಮ ಜೀಪಿಗೆ ಹೆದರಿ ಬಂದಿದೆ, ನೀವು ತಿರುಗಿದರೆ ಅದೂ ತಿರುಗುತ್ತದೆ ಎಂದರು. ಸಾಹೇಬರು ಯರ್ರೆಪ್ಪನನ್ನು ಕೇಳಿದರು. ಎದುರಿಗೆ ನೀರಿಟ್ಟುಕೊಂಡು ನೀರಿಲ್ಲ ಎಂದರೆ ಗಂಗಮ್ಮ ಮುನಿದಾಳು ಎಂದು ಅವನಿಗೆ ಭಯ. ನೀರಿಗೇನೂ ಕಡಿಮೆ ಇಲ್ಲ ಎಂದುಬಿಟ್ಟ. ಆಚಾರ್ಯರಿಗೆ ಅವನನ್ನು ಅಲ್ಲೇ ಮುಳುಗಿಸಬೇಕೆನ್ನಿಸಿತು.

ಆದರೆ ಸಾಹೇಬರು ಸಜ್ಜನರು. ಇಪ್ಪತ್ತೈದು ವರ್ಷದಲ್ಲಿ ನಾನು ಹೋದ ಕಡೆಯಲ್ಲೆಲ್ಲ ನೀರು ತುಂಬಿ ಹರಿಯುವುದನ್ನೇ ಕಂಡಿದ್ದೇನೆ, ಅದರ ಮರ್ಮ ನನಗೂ ಗೊತ್ತು ಎಂದು ನಕ್ಕರು. ಆದರೆ ಕಣ್ಣು ಕಂಡದ್ದನ್ನೇ ಫೈಲಿನಲ್ಲಿ ಬರೆಯಬೇಕು. ಕಾಲುವೆಯಲ್ಲಿ ನೀರಿರುವುದನ್ನು ಕಂಡಾಯಿತು. ಅರ್ಜಿಯಲ್ಲಿ ಕಡೆಯ ಹೊಲ, ಸರ್ವೆ ನಂಬರು ನೂರ ಹದಿನಾಲ್ಕು ಎಂದಿದೆಯಲ್ಲ. ಆ ಹೊಲ ಒಣಗಿದ್ದರೆ ಅದನ್ನೂ ಬರೆಯುತ್ತೇನೆ, ನಡೆಯಿರಿ ಎಂದರು.

ಆಚಾರ್ಯರಿಗೆ ಹೋದ ಜೀವ ಬಂತು. ಕಾಲುವೆಯ ಕೊನೆಯ ತೂಬಿಗೂ ಅವರ ಹೊಲಕ್ಕೂ ನಡುವೆ ಒಂದು ಫರ್ಲಾಂಗು. ನಡುವಿನ ಕಾಲುದಾರಿಯಷ್ಟು ಅಗಲದ ಹಳ್ಳದಲ್ಲಿ ಜಾಲಿ ಬೆಳೆದು ಹಾವು ಕೂಡ ಹರಿಯಲು ಹಿಂದೆಮುಂದೆ ನೋಡುತ್ತಿತ್ತು. ನೀರು ಅಲ್ಲಿಗೆ ಮುಟ್ಟಿರುವುದು ಸಾಧ್ಯವೇ ಇಲ್ಲ. ಹೊಲ ಒಣಗಿದೆ, ಭಣಭಣ ಒಣಗಿದೆ. ಅವರು ಒದ್ದೆ ಪಂಚೆಯನ್ನು ಹಿಂಡುತ್ತ, ಸಾಹೇಬರಿಗಿಂತ ಹತ್ತು ಮಾರು ಮುಂದೆ ಓಡಿದರು. ಐವತ್ತರ ವಯಸ್ಸಿನಲ್ಲಿ ಅವರು ಹಾಗೆ ಓಡಿದ್ದನ್ನು ಊರು ಕಂಡಿರಲಿಲ್ಲ.

ಬದುವಿನ ಮೇಲೆ ಬಂದು ಗಕ್ಕನೆ ನಿಂತರು. ಹೊಲದಲ್ಲಿ ನೀರು ಹೊಳೆಯುತ್ತಿತ್ತು.

ವೆಂಕೂಬಾಯಿ ಸೀರೆ ಎತ್ತಿ ಕಟ್ಟಿ ಸಲಿಕೆ ಹಿಡಿದು ನಿಂತಿದ್ದರು. ಜಯಕ್ಕನೂ ಇನ್ನೂ ಏಳೆಂಟು ಜನರೂ ಕೊಡಲಿಯಿಂದ ಜಾಲಿ ಕಡಿದು, ಬದು ಒಡೆದು, ಮೈಯೆಲ್ಲ ಕೆಸರು ಮಾಡಿಕೊಂಡು ನಗುತ್ತಿದ್ದರು. ಗಂಡ ಕಾಲುವೆಯಲ್ಲಿ ಮೇಜು ಹಿಡಿದು ಗುದ್ದಾಡುತ್ತಿದ್ದಾಗ ಇವರು ಇಲ್ಲಿ ಸದ್ದಿಲ್ಲದೆ ಕೆಲಸ ಮುಗಿಸಿದ್ದರು.

"ಮೂರು ವರ್ಷ ಊರಿಗಾಗಿ ಓಡಾಡಿದೋರು ನೀವು," ಎಂದರು ವೆಂಕೂಬಾಯಿ. "ಮೊದಲ ನೀರು ಆಚಾರ್ರ ಹೊಲಕ್ಕೇ ಹೋಗಲಿ ಅಂತ ಇವರೆಲ್ಲ ಕೂಡಿ ಬಿಟ್ಟುಕೊಟ್ಟಾರ ನೋಡ್ರಿ. ಎರಡು ಸಾಲು ತೊಯ್ದದ. ಸಂಜೀ ತನಕ ಬಂದ್ರ ಪೂರಾ ಆಗ್ತದ."

ಆಚಾರ್ಯರು ಬೈಯಬೇಕೆಂದು ಬಾಯಿ ತೆರೆದರು. ತೊಯ್ದ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಬಾಡಿ ಮಲಗಿದ್ದ ಶೇಂಗಾ ಬಳ್ಳಿಯ ಬುಡದಲ್ಲಿ ನೀರು ಗುಳುಗುಳು ಎಂದು ಇಂಗುತ್ತಿತ್ತು. ಅವರ ಎದೆ ಉಬ್ಬಿತು. ಹಾಳಾಗಲಿ ಅರ್ಜಿ, ಹಾಳಾಗಲಿ ಫೈಲು, ನೀರು ಬಂತಲ್ಲ, ಸಂಜೆಯ ತನಕ ಬಂದರೆ ಸಾಕಲ್ಲ ಎಂದುಕೊಂಡರು. ಬಗ್ಗಿ ಒಂದು ಬೊಗಸೆ ತೆಗೆದುಕೊಂಡು ತೀರ್ಥದ ಹಾಗೆ ತಲೆಗೆ ಪ್ರೋಕ್ಷಿಸಿಕೊಂಡರು. ಕೆಸರು ಮೆತ್ತಿದ ಆ ಏಳೆಂಟು ಜನರೂ ಅವರಿಗೆ ಒಡಹುಟ್ಟಿದವರಂತೆ ಕಂಡರು.

ಅಷ್ಟರಲ್ಲಿ ಸಾಹೇಬರು ಬಂದು, ನೀರನ್ನು ನೋಡಿ, ಜೀಪಿನಿಂದ ನಕಾಶೆಯ ಸುರುಳಿ ತರಿಸಿ ಬದುವಿನ ಮೇಲೆ ಬಿಡಿಸಿದರು. ಯಾವ ಹೊಲಕ್ಕೆ ಕಾಲುವೆ ನೀರಿನ ಹಕ್ಕಿದೆಯೋ ಅದಕ್ಕೆಲ್ಲ ನೀಲಿ ಬಣ್ಣ ಹಚ್ಚಿದ್ದ ನಕಾಶೆ. ಆಯಕಟ್ಟು ಎಂದರೆ ಅದೇ. ಸಾಹೇಬರ ಬೆರಳು ನೂರ ಹತ್ತು, ಹನ್ನೊಂದು, ಹನ್ನೆರಡು ದಾಟಿ ಹದಿಮೂರರ ಮೇಲೆ ನಿಂತಿತು. ನೀಲಿ ಅಲ್ಲಿಗೆ ಮುಗಿದಿತ್ತು. ನೂರ ಹದಿನಾಲ್ಕು ಬೆಳ್ಳಗಿತ್ತು.

"ಆಚಾರ್ಯುಲುಗಾರು," ಎಂದರು ಸಾಹೇಬರು ಮೆಲ್ಲಗೆ, "ಮೀ ಪೊಲಂ ಆಯಕಟ್ಟುಲೋ ಲೇದು." ಆಚಾರ್ಯರ ಹೊಲ ಆಯಕಟ್ಟಿನಲ್ಲೇ ಇರಲಿಲ್ಲ.

ಆಚಾರ್ಯರ ಬಳಿ ಇದ್ದ ಆಧಾರ ಒಂದೇ. ಕಾಲುವೆ ತೋಡುವಾಗ ಸರ್ವೆಯವನೊಬ್ಬ ಅವರ ತಂದೆಯ ಕಾಲದಲ್ಲಿ ಮನೆಗೆ ಊಟಕ್ಕೆ ಬಂದಿದ್ದ. ಕೈ ತೊಳೆಯುತ್ತ, ನಿಮ್ಮ ಹೊಲಕ್ಕೂ ನೀರು ಬರುತ್ತದೆ ಸ್ವಾಮಿ ಎಂದಿದ್ದ. ತಂದೆ ಅದನ್ನು ಸರ್ಕಾರದ ಆಜ್ಞೆ ಎಂದು ತಿಳಿದರು, ಮಗ ವೇದವಾಕ್ಯ ಎಂದು ತಿಳಿದರು. ನೀರಿನ ತೀರ್ವೆ ಕಟ್ಟಿರಿ ಎಂದು ಇಷ್ಟು ವರ್ಷ ಯಾರೂ ಕೇಳದಿದ್ದುದನ್ನು ಸರ್ಕಾರದ ದಯೆ ಎಂದುಕೊಂಡಿದ್ದರು. ಶಂಖದಿಂದ ಬಂದರೇ ತೀರ್ಥ ಎಂಬ ಮಾತು ಆಚಾರ್ಯರಿಗೆ ಗೊತ್ತಿಲ್ಲದ್ದಲ್ಲ; ಆದರೆ ತಲೆಯ ಮೇಲಿನ ನೀರು ಇನ್ನೂ ಆರಿರಲಿಲ್ಲ.

ಸಾಹೇಬರು ಬೇಸರದಿಂದಲೇ ಹೇಳಿದರು. ಬೆಳಗಿನಿಂದ ಹನ್ನೆರಡು ಮೈಲಿ ದಂಡೆ ನೋಡಿ ಬಂದಿದ್ದೇನೆ. ಒಂದು ಪೈಪಿಲ್ಲ, ಒಂದು ಕಂಡಿಯಿಲ್ಲ. ಹಕ್ಕಿಲ್ಲದೆ ಸರ್ಕಾರದ ನೀರು ಹಾಯಿಸಿಕೊಂಡದ್ದು ಕಂಡಿದ್ದು ಇದೊಂದೇ ಹೊಲದಲ್ಲಿ. ಕಣ್ಣು ಕಂಡದ್ದನ್ನು ಬರೆಯದೆ ಹೋದರೆ ನನ್ನ ನೌಕರಿಗೆ ಸಂಚಕಾರ.

ಪಂಚನಾಮೆ ಆಗಬೇಕಿತ್ತು. ಸಾಹೇಬರ ಗುಮಾಸ್ತ ಬಂದಿರಲಿಲ್ಲ. ಊರಲ್ಲಿ ಕಾನೂನಿನ ಭಾಷೆ ತಪ್ಪಿಲ್ಲದೆ ಬರೆಯಬಲ್ಲವರು ಒಬ್ಬರೇ. ಆಚಾರ್ಯರು ಬದುವಿನ ಮೇಲೆ ಕುಳಿತು, ಜಯತೀರ್ಥಾಚಾರ್ಯ ಎಂಬವನು ಅಕ್ರಮವಾಗಿ ನೀರು ಹಾಯಿಸಿಕೊಳ್ಳುತ್ತಿದ್ದಾಗ ಸಿಕ್ಕಿಬಿದ್ದನೆಂದು ದುಂಡನೆಯ ಅಕ್ಷರದಲ್ಲಿ ಬರೆದರು. ಸಾಕ್ಷಿಗೆ ಯರ್ರೆಪ್ಪನನ್ನು ಕರೆದರೆ ಅವನು ಏನು ಎತ್ತ ಎಂದು ಕೇಳದೆ ಹೆಬ್ಬೆಟ್ಟು ಒತ್ತಿದ. ಆಚಾರ್ಯರು ಬರೆದದ್ದಕ್ಕೆಲ್ಲ ಒತ್ತಿ ಒತ್ತಿ ಅವನಿಗೆ ರೂಢಿಯಾಗಿತ್ತು. ಉಚ್ಚೀರಪ್ಪ ಬದುವಿನ ಕಂಡಿ ಮುಚ್ಚಿದ. ಮೂರನೆಯ ಸಾಲಿನ ಬಾಯಿಗೆ ಬಂದಿದ್ದ ನೀರು ಅಲ್ಲಿಗೇ ನಿಂತಿತು.

ಜೀಪು ಹೊರಟು ಕಾಮನಹಾಳು ದಾಟಿದ್ದೇ ತಡ, ಕಾಲುವೆ ಸಣ್ಣಗಾಗುತ್ತ ಬಂತು. ಆದರೆ ಮಲ್ಲನದಿನ್ನಿಯ ಉತ್ಸಾಹ ಸಣ್ಣಗಾಗಲಿಲ್ಲ. ಆ ಮೂರು ತಾಸಿನಲ್ಲಿ ನೀಲಿ ಬಣ್ಣದ ಹೊಲಗಳಲ್ಲಿ ಹಲವಕ್ಕೆ ನೀರು ಹತ್ತಿತ್ತು. ಊರೆಲ್ಲ ಪೋಸ್ಟ್ ಆಫೀಸಿನ ಮುಂದೆ ಸೇರಿತು.

"ನಮಗ ಈಗ ತಿಳೀತು ಆಚಾರ್ರೇ," ಎಂದ ಯರ್ರೆಪ್ಪ. "ಪೈಪು ಕೀಳಿಸೋದು ಏನೂ ಬ್ಯಾಡ. ಜೀಪು ಬಂದ್ರ ಸಾಕು, ನೀರು ಬರತೈತಿ. ಹದಿನೈದು ದಿನಕ್ಕೊಂದು ಅರ್ಜಿ ಬರೀರಿ. ನಾವೆಲ್ಲ ಒತ್ತತೀವಿ."

ಎಲ್ಲರೂ ತಲೆಯಾಡಿಸಿದರು. ಜಯಕ್ಕ ಆಗಲೇ ದೀಪ ತಂದಿಟ್ಟು ಮಸಿ ಬಾಟಲಿಯ ಮುಚ್ಚಳ ತೆಗೆದಳು. ಆಚಾರ್ಯರು ಜನರ ಮುಖಗಳನ್ನು ನೋಡಿದರು. ಎಲ್ಲರಲ್ಲೂ ಮುಗ್ಧ ಸಂತೋಷ. ಅರ್ಜಿಯ ಹಾಳೆಯೊಂದನ್ನು ಮುಂದಕ್ಕೆಳೆದುಕೊಂಡರು. ಆಗ ಗುಂಪಿನ ಹಿಂದಿನಿಂದ ಉಚ್ಚೀರಪ್ಪ ತಲೆ ಕೆರೆದುಕೊಳ್ಳುತ್ತ ಮುಂದೆ ಬಂದ.

"ಒಂದು ಮಾತು ರೀ. ಸಾಹೇಬ್ರು ಹೋಗ್ತಾ ಹೇಳಿ ಹೋದ್ರು. ಇನ್ನ ಕಾಲುವಿಗೆ ನೀರು ಬಂದಾಗೆಲ್ಲ ನಾನು ಬ್ಯಾರೆ ಎಲ್ಲೂ ಹೋಗಂಗಿಲ್ಲಂತ. ನಿಮ್ಮ ಹೊಲದ ಬದುವಿನ ಮ್ಯಾಲೆ ಕಾವಲು ಕುಂದರಬೇಕಂತ."

ಊರು ಅಯ್ಯೋ ಪಾಪ ಎಂದಿತು. ಎಂದು, ಅರ್ಜಿಯ ಕಡೆಗೆ ನೋಡುತ್ತ ಕಾದು ಕುಳಿತಿತು. ಊರಿಗೆಲ್ಲ ನೀರು ತರುವ ಅರ್ಜಿಯನ್ನು, ನೀರು ಬಾರದ ಒಂದೇ ಹೊಲದ ಯಜಮಾನರು ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು ಬರೆಯಲು ತೊಡಗಿದರು.