ಎಡಮನೆಯವರಿಗೆ ಮಾರಿದ ಮಚ್ಚು

ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವನು ನಾನು. ತರಗತಿಯಲ್ಲಿ ಬಾಯ್ತುಂಬ ಹೇಳಿದ್ದು ಇವತ್ತಲ್ಲ ನಾಳೆ ನಮ್ಮ ಮನೆ ಬಾಗಿಲಿಗೇ ಬಂದು ನಿಲ್ಲುವುದು ನನಗೆ ಮಾಮೂಲು. ವಿರೋಧ ಪಕ್ಷದ ಪಾಠ ಮಾಡಿದ ದಿನ ಹೆಂಡತಿ ಮಾತು ಬಿಡುತ್ತಿದ್ದಳು. ಆಯುಧ ಮಾರಾಟದ ಪಾಠವೂ ಹಾಗೇ ಬಂತು, ಆದರೆ ಅದು ಬಂದದ್ದು ಸದ್ದಿಲ್ಲದೆ.

ಪರೀಕ್ಷೆಗೆ ಬಾರದ ಪ್ರಶ್ನೆ

ಎರಡು ಸಾವಿರದ ಐದೋ ಆರೋ ಇರಬೇಕು. ಅಮೆರಿಕದವರು ಪಾಕಿಸ್ತಾನಕ್ಕೆ ಯುದ್ಧವಿಮಾನ ಮಾರುವ ಸುದ್ದಿ ಪೇಪರಿನಲ್ಲಿ ಬರುತ್ತಿತ್ತು. ಗೌರಿಬಿದನೂರಿನ ನಮ್ಮ ಕಾಲೇಜಿನಲ್ಲಿ ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು.

"ಸಾರ್, ಪಾಕಿಸ್ತಾನ ಸರಿಯಿಲ್ಲ ಅಂತ ಅಮೆರಿಕದವರೇ ಬೈತಾರೆ. ಆಮೇಲೆ ಅವರಿಗೇ ಆಯುಧ ಮಾರ್ತಾರೆ. ಯಾಕೆ ಸಾರ್?"

ನಾನು ಮೂರು ಕಾರಣ ಹೇಳಿದೆ. ಶತ್ರುವಿನ ಶತ್ರು ಮಿತ್ರ. ನಾವು ಮಾರದಿದ್ದರೆ ಇನ್ನೊಬ್ಬರು ಮಾರುತ್ತಾರೆ. ಮಾರಿದ ಮೇಲೆ ರಿಪೇರಿಗೆ, ಬಿಡಿಭಾಗಕ್ಕೆ ಅವರು ನಮ್ಮ ಹತ್ತಿರವೇ ಬರಬೇಕು, ಆದ್ದರಿಂದ ಮೂಗುದಾರ ನಮ್ಮ ಕೈಯಲ್ಲಿರುತ್ತದೆ. ಎಲ್ಲರೂ ಬರೆದುಕೊಂಡರು. ಆ ಹುಡುಗಿ ಮಾತ್ರ ಕೂರಲಿಲ್ಲ.

"ಮಾರಿದ ಮೇಲೆ ನಮಗೇ ಭಯ ಆದ್ರೆ?"

"ಅದು ಪರೀಕ್ಷೆಗೆ ಬರಲ್ಲ, ಕೂತ್ಕೊಳಮ್ಮ."

ಬಲಮನೆ, ಎಡಮನೆ

ನಮ್ಮ ಮನೆ ಮಂಚೇನಹಳ್ಳಿಯಲ್ಲಿ. ಹಿತ್ತಲಲ್ಲಿ ನಮ್ಮಮ್ಮ ನೆಟ್ಟ ಸೀಬೆಮರವೊಂದಿತ್ತು. ಅಮ್ಮ ಹೋದ ಮೇಲೆ ಅವಳದೆಂದು ನನಗೆ ಉಳಿದದ್ದು ಅದೊಂದೇ. ಬೆಳಿಗ್ಗೆ ಅದನ್ನೊಮ್ಮೆ ಮುಟ್ಟದೆ ನಾನು ಬಸ್ಸು ಹತ್ತುತ್ತಿರಲಿಲ್ಲ. ಬಲಗಡೆ ಮನೆಯವರು ಹೊಸದಾಗಿ ಅಳತೆ ಮಾಡಿಸಿ, ಮರ ತಮ್ಮ ಜಾಗದಲ್ಲಿದೆ, ಕಡಿಸಿ ಕಾಂಪೌಂಡ್ ಹಾಕಿಸುತ್ತೇವೆ ಅಂದರು. ನಾನು ಮರದ ಕೆಳಗೆ ನಿಂತು ಕಾನೂನು ಮಾತಾಡಿದೆ. ಅವರು ನಗುತ್ತಾ ಹಣ್ಣು ಕಿತ್ತು ತಿಂದರು.

ಎಡಗಡೆ ಮನೆಯವರಿಗೂ ಇವರಿಗೂ ಮೊದಲಿಂದ ಆಗುತ್ತಿರಲಿಲ್ಲ. ಎಡಮನೆಯವರದು ಮೆತ್ತನೆಯ ಮಾತು, ಬೆಳ್ಳನೆಯ ಪಂಚೆ. ಹಿಂದೊಮ್ಮೆ ಸ್ವಂತ ತಮ್ಮನ ಜೊತೆ ಆಸ್ತಿ ಜಗಳವಾದಾಗ ಅವನ ಮನೆ ಮುಂದೆ ಕುರ್ಚಿ ಹಾಕಿಕೊಂಡು ಮೂರು ದಿನ ಸುಮ್ಮನೆ ಕೂತಿದ್ದರಂತೆ. ಬೈಯಲಿಲ್ಲ, ಎದ್ದು ಹೋಗಲೂ ಇಲ್ಲ. ನಾಲ್ಕನೇ ದಿನ ಆ ತಮ್ಮನೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಿಂದೂಪುರಕ್ಕೆ ಹೋದವನು ಈ ಕಡೆ ತಿರುಗಿಯೂ ನೋಡಲಿಲ್ಲ.

ಅವರು ಒಂದು ಸಂಜೆ ನಮ್ಮ ಜಗಲಿಗೆ ಬಂದು ಕೂತರು. "ಮರ ನಾನು ನೋಡ್ಕೋತೀನಿ ಮೇಷ್ಟ್ರೇ. ಕೈಗೊಂದು ಒಳ್ಳೆ ಮಚ್ಚು ಕೊಡಿಸಿ. ತೋರಿಸಕ್ಕೆ ಅಷ್ಟೇ."

ಅವರು ಹೋದ ಮೇಲೆ ಹೆಂಡತಿ, "ಆ ಮನುಷ್ಯನ ಸಹವಾಸ ಬೇಡಾರೀ" ಅಂದಳು.

"ಶತ್ರುವಿನ ಶತ್ರು ಮಿತ್ರ ಕಣೇ."

"ಹಂಗಂತ ಯಾರು ಹೇಳಿದ್ದು?"

"ನಾನೇ. ಬೆಳಿಗ್ಗೆ ಕ್ಲಾಸಲ್ಲಿ."

ಕುಲುಮೆಯಲ್ಲಿ

ಕಾಲೇಜಿನ ದಾರಿಯಲ್ಲೊಂದು ಕುಲುಮೆ ಇತ್ತು. ಅಲ್ಲಿನ ಯಜಮಾನರಿಗೆ ಮಚ್ಚು ಬೇಕೆಂದೆ. ಅವರು ಕೇಳಿದ್ದು ಒಂದೇ. "ಎವರಿಕಿ ಸಾರೂ?" ಯಾರಿಗೆ ಅಂತ. ಹೇಳಿದೆ. ತಿದಿ ಒತ್ತುತ್ತಿದ್ದ ಕೈ ನಿಂತಿತು.

"ಅವರೇ ಬಂದು ಕೇಳಿದ್ರು. ನಾನು ಆಗಲ್ಲ ಅಂದಿದ್ದೆ."

"ಮತ್ತೆ ನನಗ್ಯಾಕೆ ಮಾಡಿಕೊಡ್ತೀರಪ್ಪ?"

"ನಾನು ಮಾಡಿಕೊಡದಿದ್ರೆ ನೀವು ಚಿಂತಾಮಣಿ ಸಂತೆಯಿಂದ ತಂದೇ ತರ್ತೀರ. ನನ್ನ ಕೈದಾದ್ರೆ ರಿಪೇರಿಗೆ ಇಲ್ಲಿಗೇ ಬರುತ್ತೆ. ಮಚ್ಚಿನ ಬಾಯಿ ನೋಡಿದ್ರೆ ಏನು ಕಡಿದಿದೆ ಅಂತ ಗೊತ್ತಾಗೋಗುತ್ತೆ ನಂಗೆ."

ನನ್ನ ಮೂರರಲ್ಲಿ ಎರಡು ಕಾರಣ ಆ ಪುಣ್ಯಾತ್ಮ ಸಿಲಬಸ್ ನೋಡದೆ ಹೇಳಿದ್ದರು. ಸರ್ಕಾರಗಳ ಬುದ್ಧಿ ನನಗೂ ಬಂದಿದೆ ಎಂದು ಹಿಗ್ಗಿಕೊಂಡೇ ಮನೆಗೆ ಬಂದೆ.

ಮಚ್ಚು ಕೊಡುವಾಗ ಎಡಮನೆಯವರು ಕೈ ಹಿಂದಕ್ಕೆಳೆದುಕೊಂಡರು. "ಕೈಗೆ ಕೊಡಬೇಡಿ, ನೆಲಕ್ಕಿಡಿ. ಹರಿತವಾದ್ದು ಕೈಯಿಂದ ಕೈಗೆ ಹೋದ್ರೆ ನಮ್ಮಿಬ್ಬರಿಗೇ ಜಗಳ ಆಗುತ್ತೆ." ಪುಕ್ಕಟೆ ತಗೊಂಡರೂ ದೋಷವಂತೆ. ನನ್ನ ಅಂಗೈಯಲ್ಲಿ ಒಂದು ರೂಪಾಯಿ ಇಟ್ಟರು. ನಾಣ್ಯ ತಣ್ಣಗಿತ್ತು. ಹೀಗೆ ನಾನೂ ಆಯುಧ ವ್ಯಾಪಾರಿಯಾದೆ.

ಮಸೆಯುವ ಸದ್ದು

ಮರುದಿನ ಬೆಳಕು ಹರಿಯುವ ಹೊತ್ತಿಗೆ ಹಿತ್ತಲಿಂದ ಸರ್ರ್, ಸರ್ರ್ ಎಂದು ಸದ್ದು. ಎಡಮನೆಯವರು ನಮ್ಮ ಸೀಬೆಮರದ ಕೆಳಗಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಚ್ಚು ಮಸೆಯುತ್ತಿದ್ದರು. ಜಡಿಮಳೆಯ ದಿನಗಳು, ಎಲ್ಲೆಲ್ಲೂ ಮಂಜು. ಆ ಬಿಳಿ ಪಂಚೆ ಮಂಜಿನಲ್ಲಿ ಸೇರಿಹೋಗಿ, ಹೋಗಿ ಬರುವ ಮಚ್ಚು ಮಾತ್ರ ಕಾಣುತ್ತಿತ್ತು. ದಿನಾ ಇದೇ.

ಎರಡು ವಾರಕ್ಕೆ ಬಲಮನೆಯವರು ಬಂದು, "ಮರ ಇರಲಿ ಬಿಡಿ ಮೇಷ್ಟ್ರೇ" ಅಂದರು. ನಾನು ಗೆದ್ದಿದ್ದೆ. ಓಡಿಹೋಗಿ ಎಡಮನೆಯವರಿಗೆ ಹೇಳಿದೆ.

"ಗೊತ್ತು" ಅಂದರು. ಮಸೆಯುವುದು ನಿಲ್ಲಲಿಲ್ಲ. ಕೂತ ದಿಕ್ಕು ಮಾತ್ರ ಬದಲಾಗಿತ್ತು. ಮುಖ ಈಗ ನಮ್ಮ ಅಡುಗೆಮನೆ ಕಿಟಕಿಯ ಕಡೆಗಿತ್ತು.

ನನಗೆ ನಿಜಕ್ಕೂ ಹೆದರಿಕೆಯಾಯಿತು. ಎರಡು ತಿಂಗಳಾದ ಮೇಲೆ, ಹಿಡಿ ಬಿಗಿ ಮಾಡಿಸುತ್ತೇನೆಂದು ನೆಪ ಹೇಳಿ ಮಚ್ಚನ್ನು ಕುಲುಮೆಗೆ ಒಯ್ದೆ. ಯಜಮಾನರು ಮಚ್ಚಿನ ಬಾಯಿಯ ಮೇಲೆ ಹೆಬ್ಬೆರಳು ಆಡಿಸಿದರು.

"ಇದು ಒಂದು ಕಡ್ಡೀನೂ ಕಡಿದಿಲ್ಲ ಸಾರ್. ಬರೀ ಮಸೆದಿದ್ದಾರೆ. ಇಷ್ಟು ಹಸಿದಿರೋ ಮಚ್ಚು ನಾನು ನೋಡಿಲ್ಲ."

"ಇಲ್ಲೇ ಇಟ್ಕೊಂಡುಬಿಡಿ."

ಅವರು ಹಿಡಿಗೆ ಎರಡೇಟು ಹಾಕಿ ಬಿಗಿ ಮಾಡಿ, ಅದನ್ನು ನನ್ನ ಮುಂದೆ ನೆಲಕ್ಕಿಟ್ಟರು. "ಮಾರೋ ತನಕ ನಿಮ್ಮದು. ಈಗ ಅವರದು."

ಮಾರನೆಯ ಬೆಳಿಗ್ಗೆ ಸದ್ದು ಇನ್ನೂ ಜೋರಾಗಿ ಬಂತು. ಸರ್ವಿಸಿಂಗ್ ಮಾಡಿಸಿ ಕೊಟ್ಟಿದ್ದೆನಲ್ಲ.

ಆಯುಧ ಪೂಜೆ

ಉಪಾಯ ಹೊಳೆದದ್ದು ಹೆಂಡತಿಗೆ. ಆಯುಧ ಪೂಜೆಗೆ ಮಚ್ಚು ನಮ್ಮ ಮನೆಗೆ ತರಿಸೋಣ, ಪೂಜೆ ಮಾಡಿ, ದೇವರದಾಯಿತು ಅಂತ ದೇವರ ಗೂಡಿನಲ್ಲೇ ಇಟ್ಟುಕೊಳ್ಳೋಣ ಅಂದಳು. ಎಡಮನೆಯವರು ಕರೆದ ಕೂಡಲೇ ಬಂದರು. ಅವಳು ವಿಭೂತಿ ಬಳಿದು, ಕುಂಕುಮ ಇಟ್ಟು, ಮಂಗಳಾರತಿ ಮಾಡಿದಳು. ಅವರ ಕಣ್ಣಲ್ಲಿ ನೀರು ಬಂದಿತ್ತು.

"ಇನ್ನು ಇದು ದೇವರದು ಅಣ್ಣ, ಇಲ್ಲೇ ಇರಲಿ" ಅಂದಳು.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತಮ್ಮ. ಪೂಜೆ ಆಗದೆ ಮೊದಲ ಏಟು ಹಾಕಬಾರದು ಅಂತ ಇಷ್ಟು ದಿನ ಕಾಯ್ತಿದ್ದೆ" ಎನ್ನುತ್ತಾ ಅವರು ಮಚ್ಚನ್ನು ಕಣ್ಣಿಗೊತ್ತಿಕೊಂಡು ಹೊರಟೇಬಿಟ್ಟರು.

ಹೆಂಡತಿ ಬೂದುಗುಂಬಳಕಾಯಿ ಎತ್ತಿಕೊಂಡು ಬಾಗಿಲ ತನಕ ಓಡಿದಳು. "ಅಣ್ಣ, ಇದನ್ನಾದ್ರೂ ಕಡಿದು ಹೋಗಿ."

"ಅದು ನೀವೇ ಒಡ್ಕೊಳ್ಳಿ."

ಜಗಳ ಮುಗಿಯಿತು

ಮಾರನೆಯ ಬೆಳಿಗ್ಗೆ ಹಿತ್ತಲಲ್ಲಿ ಸದ್ದಿರಲಿಲ್ಲ. ಅದೇ ನನ್ನನ್ನು ಎಬ್ಬಿಸಿತು. ಬಾಗಿಲು ತೆರೆದೆ. ಹಿತ್ತಲಲ್ಲಿ ಯಾವತ್ತೂ ಇಲ್ಲದಷ್ಟು ಬೆಳಕಿತ್ತು. ಅಮ್ಮನ ಸೀಬೆಮರ ಕಾಯಿಗಳ ಸಮೇತ ನೆಲದ ಮೇಲೆ ಮಲಗಿತ್ತು. ನಾನು ಅದರ ಪಕ್ಕದಲ್ಲೇ ಕುಸಿದು ಕೂತು ಅತ್ತೆ.

ಎಡಮನೆಯವರು ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಪಂಚೆಯ ಮೇಲೆ ಒಂದು ಎಲೆಯೂ ಬಿದ್ದಿರಲಿಲ್ಲ.

"ಎಲ್ಲಾ ಯೋಚನೆ ಮಾಡಿದೆ ಮೇಷ್ಟ್ರೇ. ಇವತ್ತು ಸುಮ್ಮನಾದೋರು ನಾಳೆ ಮತ್ತೆ ಬರ್ತಾರೆ. ಮರ ಇದ್ರೆ ತಾನೆ ಜಗಳ?"

ಮಚ್ಚನ್ನು ನನ್ನ ಮುಂದೆ ನೆಲಕ್ಕಿಟ್ಟರು. "ಹಿಡಿ ಮತ್ತೆ ಸಡಿಲ ಆಗಿದೆ. ಹೋಗ್ತಾ ಕುಲುಮೆಗೆ ಕೊಡಿ." ಎದ್ದು ಎರಡು ಹೆಜ್ಜೆ ಹೋದವರು ನಿಂತು, ಅದೇ ಮೆತ್ತನೆಯ ದನಿಯಲ್ಲಿ ಕೇಳಿದರು. "ಬೇರೆ ಯಾರ ಜೊತೆಗಾದ್ರೂ ಜಗಳ ಇದೆಯಾ ನಿಮಗೆ?"

"ಇಲ್ಲ."

"ಮನೇಲಿ?"

"ಇಲ್ಲವೇ ಇಲ್ಲ."

ಅವತ್ತಿಂದ ನಾನೂ ನನ್ನ ಹೆಂಡತಿಯೂ ಜೋರಾಗಿ ಮಾತಾಡಿದ್ದಿಲ್ಲ.

ದಸರಾ ರಜೆ ಮುಗಿದು ಕಾಲೇಜು ಶುರುವಾಯಿತು. ಆ ಹುಡುಗಿ ಮರೆತಿರಲಿಲ್ಲ. "ಸಾರ್, ಮಾರಿದ ಮೇಲೆ ಭಯ ಆದ್ರೂ ಮಾರ್ತಾನೇ ಇರ್ತಾರಲ್ಲ, ನಿಲ್ಲಿಸಕ್ಕೆ ಏನು ಕಷ್ಟ?"

ನನ್ನ ಮೇಜಿನ ಮೇಲೆ, ಹಾಜರಿ ಪುಸ್ತಕದ ಪಕ್ಕದಲ್ಲಿ, ಕುಲುಮೆಯಿಂದ ಆಗತಾನೆ ತಂದ ಬಟ್ಟೆಯ ಗಂಟಿತ್ತು. ಸಂಜೆಯೊಳಗೆ ಎಡಮನೆಯವರಿಗೆ ಮುಟ್ಟಿಸಬೇಕಿದ್ದ ಮಚ್ಚಿನ ಹೊಸ ಹಿಡಿಯ ತುದಿ ಹೊರಗೆ ಇಣುಕುತ್ತಿತ್ತು. ಅದನ್ನು ಒಳಗೆ ತಳ್ಳಿ ಹೇಳಿದೆ.

"ಐದು ಗಂಟೆ ಬಸ್ಸು ತಪ್ಪಿದ್ರೆ ಅವರೇ ಇಲ್ಲಿಗೆ ಬರ್ತಾರಮ್ಮ."