ನನ್ನ ಮನೆಯಲ್ಲಿ ಒಂದು ಸಂದೂ ಇಲ್ಲ

ಸೂರ್ಯನನ್ನು ಹಿಡಿದು ತಂದು ನನ್ನ ಛಾವಣಿಯ ಮೇಲೆ ಕೂರಿಸಿಯೇ ತೀರುತ್ತೇನೆಂದು ಈ ಜನವರಿಯಲ್ಲಿ ಘೋಷಿಸಿದೆ. ಕಾರಣ, ಪಕ್ಕದ ಮನೆಯ ಲಾಯ್ಡ್. ಹನ್ನೆರಡು ಸೋಲಾರ್ ಫಲಕ ಹಾಕಿಸಿ, ದಿನಾ ಬೆಳಗ್ಗೆ ಅವುಗಳ ಮೇಲಿನ ಹಿಮವನ್ನು ಮಗುವಿನ ಮೂಗು ಒರೆಸುವಂತೆ ಒರೆಸುತ್ತಿದ್ದ. ಕೆನಡಾದ ಈ ಥಂಡರ್ ಬೇ ಊರಿನ ಅರ್ಧ ರಸ್ತೆಗಳ ಹಿಮ ತಳ್ಳುವವನು ನಾನು. ನನ್ನೆದುರು ಇವನ ಜಂಬವೇ? ನನಗೆ ಹದಿನಾಲ್ಕು ಬೇಕು!

ಹೆಂಡತಿ ಐಲಾ ಒಪ್ಪಲಿಲ್ಲ. ಅವಳು ಅಡುಗೆಮನೆಯಲ್ಲೂ ಉಣ್ಣೆ ಟೋಪಿ ಹಾಕಿಕೊಂಡೇ ಪಾತ್ರೆ ತೊಳೆಯುವವಳು. ಕೂಡಿಟ್ಟ ದುಡ್ಡು ಒಂದೇ ಕೆಲಸಕ್ಕೆ ಸಾಲುವಷ್ಟಿತ್ತು. ಅದರಲ್ಲಿ ಗಾಳಿ ನುಗ್ಗುವ ಸಂದುಗಳನ್ನು ಮುಚ್ಚಿಸಿ, ಅಟ್ಟಕ್ಕೆ ಚಳಿ ತಡೆಯುವ ದಪ್ಪ ಹೊದಿಕೆ ಹಾಸಬೇಕೆಂಬುದು ಅವಳ ವಾದ.

"ಸಂದಾ? ನಾನು ಕಟ್ಟಿದ ಮನೇಲಾ?" ಎಂದು ಗುಡುಗಿದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಿಜ, ಆದರೆ ಈ ಮನೆಯ ಒಂದೊಂದು ಮೊಳೆಯನ್ನೂ ನಾನೇ ಹೊಡೆದಿದ್ದೇನೆ. "ಇಲ್ಲಿ ಇರುವೆ ಕೂಡ ಬಾಗಿಲು ತಟ್ಟಿಯೇ ಒಳಗೆ ಬರಬೇಕು."

"ಹಾಗಾದ್ರೆ ಮನೆ ತಪಾಸಣೆ ಮಾಡಿಸೋಣ, ತೌನೋ," ಎಂದಳು ನನ್ನ ಹೆಸರು ಹಿಡಿದು. "ತಪಾಸಣೆಯವರು ಏನು ಹೇಳ್ತಾರೋ ಅದಕ್ಕೇ ದುಡ್ಡು."

ಕೈ ಕುಲುಕಿದೆ. ಗೆದ್ದೆ ಎಂದೇ ಲೆಕ್ಕ.

ತಪಾಸಣೆಗೆ ಬಂದವಳು ಡೆಲ್ಫಿನ್ ಎಂಬ ಪುಟ್ಟ ಗಾತ್ರದ ಹೆಂಗಸು. ಮುಂಬಾಗಿಲಿಗೆ ಕೆಂಪು ಬಟ್ಟೆ ಬಿಗಿದು, ಅದರ ನಡುವೆ ಭಾರಿ ಫ್ಯಾನು ಕೂರಿಸಿದಳು. ಅದು ಮನೆಯೊಳಗಿನ ಗಾಳಿಯನ್ನು ಹೊರಗೆಳೆಯುತ್ತದಂತೆ. ಆಗ ಹೊರಗಿನ ಗಾಳಿ ಸಂದುಗಳಲ್ಲಿ ಒಳನುಗ್ಗುತ್ತಾ ಸಿಕ್ಕಿಬೀಳುತ್ತದಂತೆ. ಮನೆ ಬೆಚ್ಚಗಿಡುವ ಸೌದೆ ಒಲೆಯ ಬೂದಿ ತೆಗೆದಿದ್ದೀರಾ ಎಂದು ಕೇಳಿದಳು. ಎರಡು ವಾರದ ಹಿಂದೆ ಕಳಿಸಿದ ಕಾಗದದಲ್ಲೂ ಅದನ್ನೇ ಬರೆದಿದ್ದಳಂತೆ. ಕಾಗದ ಓದುವ ಚಟ ನನಗಿಲ್ಲ.

"ನೋಡಮ್ಮಾ, ಮೂವತ್ತು ವರ್ಷದಿಂದ ಒಲೆ ಉರಿಸ್ತಿದ್ದೀನಿ. ನೀವು ಫ್ಯಾನ್ ಹಾಕಿ."

ಹಾಕಿದಳು.

ಚಿಮಣಿಯಿಂದಲೂ ಗಾಳಿ ಇಳಿದು, ಒಲೆಯ ಸಂದಿಯಿಂದ ಬೂದಿ ಸಣ್ಣಗೆ ಉಸಿರುಬಿಟ್ಟಿತು. ಯಾರಾದರೂ ನೋಡುವ ಮೊದಲೇ ಸರಿಮಾಡೋಣವೆಂದು ಒಲೆಯ ಬಾಗಿಲು ತೆರೆದು ಇಣುಕಿದೆ. ನನ್ನ ಮುಖ ಕಂಡದ್ದೇ ತಡ, ಇಡೀ ವಾರದ ಬೂದಿ ಮೆರವಣಿಗೆ ಹೊರಟಿತು. ಸೋಫಾ, ಐಲಾ ಮಾಡಿಟ್ಟಿದ್ದ ಏಲಕ್ಕಿ ಬನ್ನು, ಡೆಲ್ಫಿನ್‌ಳ ಕನ್ನಡಕ, ನನ್ನ ಮೀಸೆ, ಎಲ್ಲಕ್ಕೂ ಸಮಪಾಲು. ಯಾವ ಸರ್ಕಾರವೂ ಇಷ್ಟು ನ್ಯಾಯವಾಗಿ ಏನನ್ನೂ ಹಂಚಿಲ್ಲ.

ಡೆಲ್ಫಿನ್ ಕೆಮ್ಮಿದಳೇ ಹೊರತು ಫ್ಯಾನು ನಿಲ್ಲಿಸಲಿಲ್ಲ. ಗಾಳಿಯ ದಾರಿ ತೋರಿಸಲು ತಂದಿದ್ದ ಹೊಗೆಕಡ್ಡಿಯನ್ನು ಚೀಲಕ್ಕೆ ಹಾಕಿಕೊಂಡಳು. ಅದರ ಕೆಲಸವನ್ನು ನನ್ನ ಬೂದಿಯೇ ಮಾಡುತ್ತಿತ್ತು! ಕಿಟಕಿಗಳ ಕೆಳಗಿನಿಂದ ದಿಕ್ಕಾಪಾಲಾಗಿ ಓಡುತ್ತಿತ್ತು. ಸ್ವಿಚ್ಚುಗಳ ಮುಂದೆ ಸುಳಿ ಸುತ್ತುತ್ತಿತ್ತು. ನಾನು ಕಟ್ಟಿದ ಕೋಟೆ ಜರಡಿಯಾಗಿತ್ತು. ಅಷ್ಟರಲ್ಲಿ ಉತ್ತರದ ಗೋಡೆಯಲ್ಲಿದ್ದ ಹಳೇ ಕ್ಯಾಲೆಂಡರ್ ಪಟಪಟನೆ ರೆಕ್ಕೆ ಬಡಿದು ಕೆಳಗೆ ಬಿತ್ತು. ಅದರ ಹಿಂದೆ ಒಂದು ತೂತು.

ಇಲ್ಲೇನಾದರೂ ಪೈಪು ಇತ್ತೇ ಎಂದು ಡೆಲ್ಫಿನ್ ವಿಚಾರಿಸಿದಳು. ನಾನು ಛಾವಣಿಯ ಅಂದ ನೋಡುತ್ತಾ ನಿಂತೆ. ಐಲಾ ಮೆಲ್ಲಗೆ ಬಂದು ನನ್ನ ಬಲಗೈ ಹಿಡಿದಳು.

"ಮುಷ್ಟಿ ಕಟ್ಟು."

ಕಟ್ಟಿದೆ. ಅವಳು ಅದನ್ನು ತೂತಿಗೆ ಒತ್ತಿದಳು. ಬಾಟಲಿಗೆ ಬಿರಡೆ ಕೂತಂತೆ ಕೂತಿತು. ಅಲ್ಲಿನ ಗಾಳಿಯೂ ನಿಂತಿತು.

"ಐಸ್ ಹಾಕಿ ಪಂದ್ಯದ ಫೈನಲ್ ದಿನ ಗುದ್ದಿದ್ದಾ?"

"ನಮ್ಮ ತಂಡದವ್ರು ಹೆಚ್ಚುವರಿ ಸಮಯದಲ್ಲಿ ಸೋತ್ರು ಕಣೇ," ಎಂದೆ, ಕೈ ಗೋಡೆಯೊಳಗೇ ಇಟ್ಟುಕೊಂಡು.

ಡೆಲ್ಫಿನ್ ಲೆಕ್ಕ ಹಾಕಿ ಹೇಳಿದಳು: ಎಲ್ಲ ಸಂದುಗಳನ್ನೂ ಸೇರಿಸಿದರೆ, ಚಳಿಗಾಲವಿಡೀ ಒಂದು ಕಿಟಕಿ ತೆರೆದಿಟ್ಟ ಹಾಗೆ. ಹಾಗಾದರೆ ಸೋಲಾರ್ ಗತಿಯೇನೆಂದು ಕೊನೆಯ ಆಸೆಯಿಂದ ಕೇಳಿದೆ.

"ಆಮೇಲೆ ಹಾಕಿಸಿ ಸರ್. ಮೊದಲು ಇದನ್ನೆಲ್ಲ ಮುಚ್ಚಿ. ಇಲ್ದಿದ್ರೆ ಪಕ್ಕದ ಮನೆಯವರ ಅಂಗಳಾನೂ ನೀವೇ ಬೆಚ್ಚಗಿಟ್ಟ ಹಾಗಾಗುತ್ತೆ."

ಲಾಯ್ಡ್‌ನ ಅಂಗಳ! ಸೋಲೊಪ್ಪಲು ಅಷ್ಟು ಸಾಕಾಯಿತು.

ಶನಿವಾರ ಐಲಾಳ ಹಿಂದೆ ಅಂಗಡಿಗೆ ಹೋದೆ. ಅಟ್ಟದ ಹೊದಿಕೆ ಅವಳೇ ಆರಿಸಿದಳು, ನಾನು ಹೊತ್ತೆ. ಗೋಡೆಯ ತೂತು ಮುಚ್ಚುವ ಹಲಗೆ ಬೇಕೆಂದಾಗ ಅಂಗಡಿಯ ಮುದುಕ ಅಳತೆ ಕೇಳಿದ. ಬಾಯಿಂದ ಹೇಳಲು ನಾಚಿಕೆಯಾಗಿ ಸುಮ್ಮನೆ ಮುಷ್ಟಿ ಎತ್ತಿ ತೋರಿಸಿದೆ. ಅವನು ನಗಲೂ ಇಲ್ಲ, ಟೇಪೂ ತೆಗೆಯಲಿಲ್ಲ. ಕೈಗೆಟುಕುವ ಜಾಗದಲ್ಲೇ ಇದ್ದ ಅದೇ ಅಳತೆಯ ರಾಶಿಯಿಂದ ಒಂದನ್ನು ಎತ್ತಿಕೊಟ್ಟು, ಒಂದು ಸಾಕೇ ಎಂದ.

ಧಾರಾಳವಾಗಿ ಸಾಕೆಂದು ನಾನು ಎದೆಯುಬ್ಬಿಸಿದೆ.

"ಆರು ಕೊಡಿ," ಅಂದಳು ಐಲಾ. "ಈ ವರ್ಷದ ಪಂದ್ಯಗಳು ಇನ್ನೂ ಮುಗಿದಿಲ್ಲ."