ಗುರುವಾರದ ಬೀಳ್ಕೊಡುಗೆ

ಪೆಟಿಟ್ ಕಾರ್ಮೆಲ್ ದ್ವೀಪದ ಸಮುದಾಯ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಯಶಸ್ಸು ಶೇಕಡಾ ನೂರಾ ನಾಲ್ಕು. ನಂಬದವರು ಕಚೇರಿ ವೇಳೆಯಲ್ಲಿ ಬಂದು ಹಾಜರಿ ಪುಸ್ತಕ ನೋಡಬಹುದು. ಅದನ್ನು ಬರೆಯುವವನು ನಾನೇ, ಹೆಡ್ ಕ್ಲಾರ್ಕ್ ಕತ್ಬರ್ಟ್ ಲವೀನ್. ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಒಂದು ಅಕ್ಷರಕ್ಕೂ ಕಾಟು ಹೊಡೆದವನಲ್ಲ.

ಎರಡು ವರ್ಷದ ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. ದೊಡ್ಡ ದ್ವೀಪದ ಶಿಕ್ಷಣ ಮಂಡಳಿಯಿಂದ ಆದೇಶ ಬಂತು: ‘ತಮ್ಮ ಕಾಲೇಜಿನ ಯಶಸ್ಸು ಶೇಕಡಾ ಅರವತ್ತೊಂದು ಮಾತ್ರ. ಜನವರಿಯೊಳಗೆ ಅದನ್ನು ತೊಂಬತ್ತಕ್ಕೆ ಏರಿಸತಕ್ಕದ್ದು. ಏರಿದ್ದು ಮತ್ತೆ ಇಳಿಯತಕ್ಕದ್ದಲ್ಲ. ಇದನ್ನು ಸುಸ್ಥಿರತೆ ಎಂದು ಓದಿಕೊಳ್ಳುವುದು. ತಪ್ಪಿದಲ್ಲಿ ಕಾಲೇಜನ್ನು ಮುಚ್ಚಲಾಗುವುದು.’

ಪ್ರಾಂಶುಪಾಲರಾದ ಡಾಕ್ಟರ್ ಟೆಲಿಮಾಕ್ ಕೂಡಲೇ ‘ಯಶಸ್ಸು ಮತ್ತು ಸುಸ್ಥಿರತೆ ಸಮಿತಿ’ ರಚಿಸಿದರು. ಸಮಿತಿ ಹನ್ನೊಂದು ಸಲ ಸೇರಿ, ಹನ್ನೊಂದು ಸಲವೂ ಹುರಿದ ಮೀನು ತಿಂದು, ಕೊನೆಗೆ ರೋಗದ ಮೂಲ ಪತ್ತೆ ಹಚ್ಚಿತು. ಅದು ಗುರುವಾರ.

ಗುರುವಾರ ಹಡಗು ಬರುತ್ತದೆ. ಯಾರಾದರೂ ದ್ವೀಪ ಬಿಟ್ಟು ಹೊರಟರೆ ಊರಿಗೆ ಊರೇ ಹಡಗು ನಿಲ್ಲುವ ಜೆಟ್ಟಿಗೆ ಹೋಗಿ ಕಳಿಸಿಕೊಡಬೇಕು. ಅದು ನಮ್ಮ ಕಡೆಯ ಪದ್ಧತಿ. ಜೆಟ್ಟಿಗೆ ಬಾರದವನು ನಾಳೆ ಹೆಣಕ್ಕೂ ಬರುವುದಿಲ್ಲ ಎಂದು ಜನ ಮುಖದ ಮೇಲೇ ಅಂದುಬಿಡುತ್ತಾರೆ. ಹಾಗಾಗಿ ಗುರುವಾರ ತರಗತಿಯಲ್ಲಿ ಮೇಷ್ಟ್ರೂ ಇಲ್ಲ, ಮಕ್ಕಳೂ ಇಲ್ಲ, ಒಂದು ಮೇಕೆ ಮಾತ್ರ ಇರುತ್ತಿತ್ತು. ಅದರ ಹಾಜರಿ ತೆಗೆದುಕೊಳ್ಳಲು ನಿಯಮದಲ್ಲಿ ಅವಕಾಶವಿರಲಿಲ್ಲ.

“ಅವರನ್ನ ಕ್ಲಾಸಿಗೆ ತರೋಕಾಗಲ್ಲ ಅಂದ್ರೆ, ಕ್ಲಾಸನ್ನೇ ಅವರ ಹತ್ರ ತಗೊಂಡು ಹೋಗೋಣ ಸರ್,” ಅಂದೆ ನಾನು.

ಹೀಗೆ ‘ಬೀಳ್ಕೊಡುಗೆ ವಿಜ್ಞಾನ’ ಎಂಬ ಹೊಸ ವಿಷಯ ಜಾರಿಗೆ ಬಂತು. ಪ್ರಾಯೋಗಿಕ ತರಗತಿ ಜೆಟ್ಟಿಯಲ್ಲಿ. ಕೈ ಬೀಸುವುದಕ್ಕೆ ನಲವತ್ತು ಅಂಕ, ಅಳುವುದಕ್ಕೆ ನಲವತ್ತು, ಕರವಸ್ತ್ರದ ಶುಚಿತ್ವಕ್ಕೆ ಇಪ್ಪತ್ತು. ಮೂಗು ಒರೆಸಿದ ಕರವಸ್ತ್ರವನ್ನು ಬೀಸಿದರೆ ಐದು ಅಂಕ ಕಡಿತ. ಗಣಿತದಲ್ಲಿ ಮೂರು ಸಲ ಡುಮ್ಕಿ ಹೊಡೆದ ಹುಡುಗರೂ ಇದರಲ್ಲಿ ಮೊದಲ ದರ್ಜೆಯಲ್ಲಿ ಪಾಸಾದರು. ಅಕ್ಟೋಬರ್ ಹೊತ್ತಿಗೆ ಯಶಸ್ಸು ಎಂಬತ್ತೆಂಟಕ್ಕೆ ಬಂತು.

ಆಗ ಒಂದು ಅನಾಹುತವಾಯಿತು. ಹೋಗುವವರು ಮುಗಿದುಹೋದರು. ಒಂಬೈನೂರು ಜನರ ದ್ವೀಪ, ಎಷ್ಟೆಂದು ಹೋಗಿಯಾರು. ಮುಂದಿನ ಗುರುವಾರ ಹಡಗು ಸಿಮೆಂಟು ಇಳಿಸಿ ಖಾಲಿ ವಾಪಸು ಹೋಯಿತು. ತರಗತಿ ನಡೆಯಲಿಲ್ಲ. ಸಮಿತಿ ತಲೆಯ ಮೇಲೆ ಕೈಹೊತ್ತು ಕೂತಿತು.

ಮರುದಿನವೇ ಅಯೋನಿ ಪ್ರುಡೋಮ್ ಸಮಿತಿ ಸೇರಿದ್ದ ಪ್ರಾಂಶುಪಾಲರ ಕೋಣೆಗೆ ಬಂದಳು. ಜೆಟ್ಟಿಯಲ್ಲಿ ಮೀನು ಹುರಿದು ಮಾರುವ ಯುಡೋರಾಳ ಮಗಳು. ನರ್ಸಿಂಗ್ ಕೋರ್ಸಿನ ಎಲ್ಲ ಪರೀಕ್ಷೆಯಲ್ಲೂ ನಿಜವಾಗಿಯೇ ಪಾಸಾಗಿದ್ದವಳು ಅವಳೊಬ್ಬಳೇ. ದೊಡ್ಡ ದ್ವೀಪದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ನವೆಂಬರ್ ಮೊದಲ ಸೋಮವಾರ ಪ್ರಮಾಣಪತ್ರ ಹಿಡಿದು ಹಾಜರಾಗಬೇಕು. ಇಲ್ಲವಾದರೆ ಆ ಕೆಲಸ ಬೇರೆಯವರಿಗೆ.

“ಪತ್ರ ಕೊಟ್ಬಿಡಿ ಸರ್, ಬರೋ ಗುರುವಾರವೇ ಹೊರಡ್ತೀನಿ,” ಅಂದಳು.

ಟೆಲಿಮಾಕ್ ಸಾಹೇಬರ ಮುಖ ಅರಳಿತು. “ಹೊರಡ್ತೀಯಾ? ದೇವರು ಕಳಿಸಿದ ಹಾಗೆ ಬಂದೆ ಕಣಮ್ಮ.”

ಸಮಿತಿಯಲ್ಲಿ ಸುಸ್ಥಿರತೆ ನೋಡಿಕೊಳ್ಳುವ ಮಿಸೆಸ್ ಗಿಟೆನ್ಸ್ ಕೆಮ್ಮಿದರು. “ಸರ್, ಇವಳು ಒಂದೇ ಸಲ ಹೋಗ್ತಾಳೆ. ಅದರ ಮುಂದಿನ ಗುರುವಾರಕ್ಕೆ ಯಾರು? ಒಂದೇ ಸಲ ಬಳಸಿ ಬಿಸಾಡೋದು ನಮ್ಮ ಧ್ಯೇಯಕ್ಕೆ ವಿರುದ್ಧ.”

ಆಗ ನಾನು, ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ನಿಯಮ ಹದಿನಾಲ್ಕನ್ನು ಕೂತಲ್ಲೇ ಬರೆದೆ. ‘ನಿರ್ಗಮನವು ಮರುಬಳಕೆಗೆ ಯೋಗ್ಯವಾಗಿರತಕ್ಕದ್ದು. ಪದವಿ ಪಡೆಯುವ ಅಭ್ಯರ್ಥಿಯು ಸತತ ಹತ್ತು ಗುರುವಾರ ಹಡಗು ಹತ್ತಿ, ದಡದಾಚೆಯ ಹವಳದ ಬಂಡೆಯವರೆಗೆ ಹೋಗಿ, ಹಿಂತಿರುಗತಕ್ಕದ್ದು. ಆ ನಂತರವೇ ಪ್ರಮಾಣಪತ್ರ.’ ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವುದು ಇದಕ್ಕೇ.

ಅಯೋನಿ ಬೆರಳು ಮಡಿಚಿ ಲೆಕ್ಕ ಹಾಕಿದಳು. “ಹತ್ತು ವಾರ ಅಂದ್ರೆ ಡಿಸೆಂಬರ್ ಕೊನೆ. ನನ್ನ ಕೆಲಸ ನವೆಂಬರಿಗೇ ಹೋಗಿರುತ್ತೆ.”

“ಅದು ಆಸ್ಪತ್ರೆಯವರ ವೇಳಾಪಟ್ಟಿ. ಅದರಲ್ಲಿ ನಾವು ಕೈ ಹಾಕೋ ಹಾಗಿಲ್ಲ,” ಅಂದರು ಸಾಹೇಬರು.

“ನಾನು ಹೋಗ್ಬೇಕು ಅಂತಿದೀನಿ ಸರ್. ಹೋದ ಹಾಗೆ ಮಾಡ್ಬೇಕು ಅಂತಿಲ್ಲ.”

“ಹೋಗೋದನ್ನ ಯಾರಮ್ಮ ತಡೆದ್ರು? ವಾರಾವಾರ ಕಳಿಸ್ತಾ ಇದೀವಲ್ಲ. ನಮ್ಮ ಕಾಲದಲ್ಲಿ ಒಂದು ಸಲ ಹೋಗೋದೇ ಕಷ್ಟ ಇತ್ತು.”

ಅವಳು ನನ್ನ ಕಡೆ ತಿರುಗಿದಳು. “ಲವೀನ್ ಅಂಕಲ್, ನೀವು ನಮ್ಮ ಪಕ್ಕದ ಮನೆಯವರು. ಚಿಕ್ಕಂದಿನಲ್ಲಿ ನಿಮ್ಮ ಕಾಲಿಗೆ ಮುಳ್ಳು ಚುಚ್ಚಿದಾಗ ತೆಗೆದಿದ್ದು ನಾನು. ಈಗ ನನಗೇ ಮುಳ್ಳು ಚುಚ್ತಿದೀರಲ್ಲ?”

ಮುಳ್ಳು ತೆಗೆದದ್ದು ನಿಜ, ಸುಳ್ಳು ಹೇಳುವುದಿಲ್ಲ. ಆದರೆ ಕ್ಲಾರ್ಕಿನ ಸಂಕಟಕ್ಕೆ ಯಾವ ಕಲಮೂ ಇಲ್ಲ. ಮೊಹರು ಒತ್ತಿದೆ.

ಮೊದಲ ಗುರುವಾರ ಬಹಳ ಚೆನ್ನಾಗಿ ನಡೆಯಿತು. ಯುಡೋರಾ ಎದೆ ಬಡಿದುಕೊಂಡು ಅತ್ತಳು. ಅವಳು ವಿದ್ಯಾರ್ಥಿನಿಯಲ್ಲ, ಆದರೂ ಆ ಅಳು ವ್ಯರ್ಥವಾಗಬಾರದೆಂದು ಅವಳನ್ನೂ ದಾಖಲು ಮಾಡಿಕೊಂಡು ಮೂವತ್ತೆಂಟು ಅಂಕ ಕೊಟ್ಟೆ. ಹಡಗು ಬಂಡೆಯವರೆಗೆ ಹೋಗಿ ತಿರುಗಿತು. ಅಯೋನಿ ಪೆಟ್ಟಿಗೆ ಹಿಡಿದು ಇಳಿದು, ಬಂದ ಕಡೆಗೇ ನಡೆದಳು.

ಆರನೆಯ ವಾರ ಯುಡೋರಾಳ ಕಣ್ಣು ಒಣಗಿತ್ತು. ನಾನು ಎಚ್ಚರಿಸಿದೆ.

“ಸೊನ್ನೆ ಬರುತ್ತೆ ನೋಡು ಯುಡೋರಾ.”

“ಹೆಂಗ್ರೀ ಅಳ್ಲಿ? ಹೋದ ವಾರ ಹೋದವಳು ಸಂಜೆ ಬಂದು ಮೀನು ಸಾರು ಎರಡು ಸಲ ಹಾಕಿಸ್ಕೊಂಡ್ಲು. ನಿಮ್ಮ ಹೆಂಡ್ತಿ ದಿನಾ ಬಾವಿಗೆ ಹೋಗ್ತಾಳೆ, ನೀವು ಅಳ್ತೀರಾ?”

ಎಂಟನೆಯ ವಾರ ಮಂಡಳಿಯ ಪರಿವೀಕ್ಷಕಿ ಮಿಸ್ ಹಯಸಿಂತ್ ಗಂಬ್ಸ್ ಬಂದರು. ಜೆಟ್ಟಿಯ ತುಂಬ ನೂರು ಕರವಸ್ತ್ರ ಹಾರುವುದನ್ನು ನೋಡಿ ಅವರೂ ಅತ್ತುಬಿಟ್ಟರು. ಅವರು, ಅವರ ಕೊಡೆ ಹಿಡಿದವನು, ಪಾದ್ರಿ, ಯುಡೋರಾ ಸೇರಿ, ನೂರು ವಿದ್ಯಾರ್ಥಿಗಳ ಕಾಲೇಜಿನಲ್ಲಿ ನೂರಾ ನಾಲ್ಕು ಜನ ಪಾಸಾದರು. ಇತರ ದ್ವೀಪಗಳೂ ಈ ಮಾದರಿಯನ್ನು ಅನುಸರಿಸಬೇಕೆಂದು ಅವರು ಶಿಫಾರಸು ಬರೆದರು. ಪೆಟ್ಟಿಗೆ ಹಿಡಿದ ಹುಡುಗಿಯನ್ನು ಮಾತಾಡಿಸಿ, “ಎಷ್ಟು ಸಲ ಹೋಗಿದೀಯಮ್ಮ?” ಅಂತ ಕೇಳಿದರು.

“ಎಂಟು ಸಲ ಮೇಡಂ. ಇನ್ನೂ ತಲುಪಿಲ್ಲ.”

“ಛಲ ಬಿಡಬೇಡ,” ಎಂದು ಬೆನ್ನು ತಟ್ಟಿದರು.

ಒಂಬತ್ತನೆಯ ವಾರದ ಹಡಗಿನಲ್ಲಿ ಆಸ್ಪತ್ರೆಯಿಂದ ಕಾಗದ ಬಂತು. ನವೆಂಬರಿನಲ್ಲೇ ಆ ಜಾಗ ಭರ್ತಿಯಾಗಿದೆ, ಸದ್ಯಕ್ಕೆ ಬೇರೆ ಜಾಗವಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಮಿತಿ ಕಲ್ಲಿನ ಹೃದಯದ್ದೇನಲ್ಲ. ಅದೇ ಸಂಜೆ ತುರ್ತುಸಭೆ ಸೇರಿ ಅಯೋನಿಗೆ ‘ನಿರ್ಗಮನ ಉಪನ್ಯಾಸಕಿ, ಕಾಯಂ’ ಎಂಬ ಹುದ್ದೆ ಮಂಜೂರು ಮಾಡಿತು. ಷರತ್ತು ಒಂದೇ: ಹುದ್ದೆಯಲ್ಲಿರುವವರೆಗೆ ದ್ವೀಪ ಬಿಟ್ಟು ಹೋಗತಕ್ಕದ್ದಲ್ಲ. ಅವಳು ಪೂರ್ತಿ ಓದಿ ಸಹಿ ಹಾಕಿದಳು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಹತ್ತನೆಯ ಗುರುವಾರ ಜೆಟ್ಟಿಯಲ್ಲೇ ಸಾಹೇಬರು ಪ್ರಮಾಣಪತ್ರ ಕೊಟ್ಟರು. ಜನ ಚಪ್ಪಾಳೆ ತಟ್ಟಿದರು. ಯುಡೋರಾ ಮಾತ್ರ ಮೀನಿನ ಬಾಣಲೆ ಬಿಟ್ಟು, ಕರವಸ್ತ್ರವಿಲ್ಲದ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಅಂಥ ಅಳುವನ್ನು ಆ ಹತ್ತು ವಾರದಲ್ಲಿ ಯಾರೂ ಅತ್ತಿರಲಿಲ್ಲ. ನಲವತ್ತಕ್ಕೆ ನಲವತ್ತು ಹಾಕಿದೆ. ಅಳು ಯಾವ ಕಾರಣಕ್ಕೆ ಎಂದು ವಿಚಾರಿಸುವ ಅಧಿಕಾರ ನನಗಿಲ್ಲ.

ಅಯೋನಿ ಹಡಗು ಹತ್ತಿದಳು, ಹಾಜರಿ ಪುಸ್ತಕ ಹಿಡಿದು ಪಕ್ಕದಲ್ಲೇ ನಾನಿದ್ದೆ. ಕ್ಯಾಪ್ಟನ್ ಬ್ಯಾಸ್ಕಮ್ ಅವಳ ಕೈಯಲ್ಲಿದ್ದ ಪ್ರಮಾಣಪತ್ರ ನೋಡಿ ದನಿ ತಗ್ಗಿಸಿದ.

“ಪತ್ರ ಸಿಕ್ತಲ್ಲ ಮಗಳೇ. ಹೂಂ ಅನ್ನು, ಬಂಡೆ ದಾಟಿಸ್ತೀನಿ. ನಾನು ಯಾರನ್ನೂ ಕೇಳೋದಿಲ್ಲ.”

ಅವಳು ಗಡಿಯಾರ ನೋಡಿಕೊಂಡಳು.

“ಬಂಡೆವರೆಗೆ ಸಾಕು ಕ್ಯಾಪ್ಟನ್. ಎರಡು ಗಂಟೆಗೆ ಇನ್ನೊಂದು ಬ್ಯಾಚಿದೆ, ತಡ ಆದ್ರೆ ಮಕ್ಕಳ ಹಾಜರಿ ಹೋಗುತ್ತೆ.”